ನಡೆಯಲಾರದ ಮಗನ ಜೊತೆ ತಿಂಗಳಿಗೆ ಆರು ಪ್ರಯಾಣ: ಅಪ್ಪನಿಗೆ ಬಸ್ಸು, ರೈಲಿನಲ್ಲಿ ಏನು ಸಿಗುತ್ತದೆ?

ಪ್ರಶ್ನೆ: ಸರ್, ನಾವು ಕಡೂರು ತಾಲ್ಲೂಕಿನವರು. ನನ್ನದು ಮಂಡಿಯಲ್ಲಿ ಹಮಾಲಿ ಕೆಲಸ. ಮಗನಿಗೆ 8 ವರ್ಷ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ) ಇದೆ. ಅಂಗವಿಕಲರ ಯುಡಿಐಡಿ ಕಾರ್ಡಿನಲ್ಲಿ ಶೇ 70 ಅಂತ ಬರೆದಿದ್ದಾರೆ. ಕತ್ತು ನಿಲ್ಲುತ್ತೆ, ಸೊಂಟ ನಿಲ್ಲಲ್ಲ. ತೂಕ 21 ಕೆ.ಜಿ. ಥೆರಪಿಗೆ ವಾರಕ್ಕೊಂದು ಸಲ ಚಿಕ್ಕಮಗಳೂರು, ತಿಂಗಳಿಗೆರಡು ಸಲ ಬೆಂಗಳೂರು. ಹೆಂಡತಿ ಕರೆದುಕೊಂಡು ಹೋದರೆ ಶಕ್ತಿ ಯೋಜನೆಯಲ್ಲಿ ಅವಳಿಗೆ ಟಿಕೆಟ್ ಇಲ್ಲ, ಆದರೆ ಅವನನ್ನು ಎತ್ತಿ ಬಸ್ ಹತ್ತಿಸೋಕೆ ಅವಳಿಂದ ಆಗಲ್ಲ. ಅಂಗವಿಕಲ ಮಗುವಿನ ಅಪ್ಪನಿಗೆ ಬಸ್ ಫ್ರೀ, ಕಾರ್ಡ್ ತೋರಿಸಿದರೆ ಸಾಕು ಅಂತ ಊರಲ್ಲಿ ಹೇಳಿದರು. ತೋರಿಸಿದೆ, ಕಂಡಕ್ಟರ್ ಒಪ್ಪಲಿಲ್ಲ. ರೈಲಲ್ಲಿ ಫ್ರೀ ಅಂತ ಇನ್ನೊಬ್ಬರು ಹೇಳ್ತಾರೆ. ಒಂದು ಸಲ ಬೆಂಗಳೂರಿಗೆ ಹೋಗಿ ಬಂದರೆ ಎರಡು ದಿನದ ಕೂಲಿ ಹೋಗುತ್ತೆ. ನಿಜವಾಗಿ ನನಗೆ ಏನು ಸಿಗುತ್ತೆ? ಎಲ್ಲಿ ಅರ್ಜಿ ಹಾಕಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇವೆ. ಒಂದು ಟಿಕೆಟಿನ ದುಡ್ಡು, ಇನ್ನೊಂದು ಹೋಗುತ್ತಿರುವ ಕೂಲಿ. ಮೊದಲನೆಯದಕ್ಕೆ ಪಾಸು, ರಿಯಾಯಿತಿ ಇವೆ. ಎರಡನೆಯದಕ್ಕೆ ಯಾವ ಪಾಸೂ ಇಲ್ಲ, ಓಡಾಟವನ್ನೇ ಕಡಿಮೆ ಮಾಡಬೇಕು. ಎರಡಕ್ಕೂ ದಾರಿ ಹೇಳುತ್ತೇನೆ.

ಕಂಡಕ್ಟರ್ ಹೇಳಿದ್ದು ಸರಿ. ‘ಅಪ್ಪನ ಪಾಸು’ ಅನ್ನುವುದು ಕರ್ನಾಟಕದ ಸಾರಿಗೆ ನಿಗಮಗಳಲ್ಲಿ ಇಲ್ಲ. 2023ರ ಜೂನ್ 11ರಿಂದ ನಡೆಯುತ್ತಿರುವ ಶಕ್ತಿ ಯೋಜನೆ ರಾಜ್ಯದ ಮಹಿಳೆಯರಿಗೆ, ಬಾಲಕಿಯರಿಗೆ, ಲೈಂಗಿಕ ಅಲ್ಪಸಂಖ್ಯಾತರಿಗೆ ಮಾತ್ರ. ಮಗು ಅಂಗವಿಕಲ ಅಂದ ಮಾತ್ರಕ್ಕೆ ಜೊತೆಯ ಗಂಡಸಿಗೆ ಅದರಲ್ಲಿ ಶೂನ್ಯ ಟಿಕೆಟ್ ಕೊಡಲು ಬರುವುದಿಲ್ಲ. ಯುಡಿಐಡಿ ಕಾರ್ಡೂ ಅಷ್ಟೇ, ಅದು ಗುರುತಿನ ಚೀಟಿ, ಟಿಕೆಟ್ ಅಲ್ಲ. ಅದನ್ನು ಆಧಾರವಾಗಿಟ್ಟುಕೊಂಡು ಬಸ್ಸಿಗೊಂದು, ರೈಲಿಗೊಂದು ಬೇರೆ ಬೇರೆ ಕಾಗದ ಮಾಡಿಸಬೇಕು. ಊರಿನ ಮಾತು ಹುಟ್ಟಿದ್ದು ಬಹುಶಃ ಪೂರ್ತಿ ದೃಷ್ಟಿ ಇಲ್ಲದವರಿಗೆ ನಿಗಮ ಕೊಡುವ ಉಚಿತ ಪಾಸಿನಿಂದ. ಉಳಿದ ಅಂಗವೈಕಲ್ಯದವರಿಗೆ ಇರುವುದು ರಿಯಾಯಿತಿ ಪಾಸು.

ಇಲ್ಲಿಂದ ಮುಂದಿನದೆಲ್ಲ ಒಂದೇ ಸೂತ್ರದ ಮೇಲೆ ನಿಂತಿದೆ: ಸವಲತ್ತು ನಿಮ್ಮ ಹೆಸರಿನಲ್ಲಿ ಇರುವುದಿಲ್ಲ, ಮಗನ ಹೆಸರಿನಲ್ಲಿ ಇರುತ್ತದೆ. ನಿಮಗೆ ಸಿಗುವುದು ಅವನ ‘ಜೊತೆಗಾರ’ ಅನ್ನುವ ಲೆಕ್ಕದಲ್ಲಿ. ಬಸ್ಸಿನ ಪಾಸು ಜೊತೆಗಾರನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ರೈಲು ಹಿಡಿಯುತ್ತದೆ. ಬೆಂಗಳೂರಿಗೆ ರೈಲು, ಚಿಕ್ಕಮಗಳೂರಿಗೆ ಬಸ್ಸು ಅಂತ ನಾನು ಹೇಳುವುದಕ್ಕೆ ಮುಖ್ಯ ಕಾರಣ ಇದು.

ರೈಲು ಪೂರ್ತಿ ಉಚಿತವಲ್ಲ. ಆದರೆ ಜೊತೆಗಾರನಿಲ್ಲದೆ ಪ್ರಯಾಣ ಮಾಡಲಾಗದ ಅಂಗವಿಕಲರಿಗೆ ಸೆಕೆಂಡ್ ಕ್ಲಾಸ್, ಸ್ಲೀಪರ್, ಥರ್ಡ್ ಎಸಿ, ಎಸಿ ಚೇರ್ ಕಾರ್‌ಗಳಲ್ಲಿ ಮೂಲ ದರದ ಮೇಲೆ ಶೇ 75 ರಿಯಾಯಿತಿ ಇದೆ. ಫಸ್ಟ್ ಎಸಿ, ಸೆಕೆಂಡ್ ಎಸಿಯಲ್ಲಿ ಶೇ 50. ಒಬ್ಬ ಜೊತೆಗಾರನಿಗೂ ಅಷ್ಟೇ ರಿಯಾಯಿತಿ. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತುಹೋದದ್ದರಿಂದ ‘ರೈಲ್ವೆಯಲ್ಲಿ ಈಗ ಏನೂ ಇಲ್ಲ’ ಅಂತ ಕೆಲವರು ಹೇಳುತ್ತಾರೆ, ಅದನ್ನು ನಂಬಬೇಡಿ. ಅಂಗವಿಕಲರದು ನಿಂತಿಲ್ಲ.

‘ಮೂಲ ದರ’ ಅನ್ನುವ ಮಾತನ್ನು ಗಮನಿಸಿ. ಉದಾಹರಣೆಗೆ ಸ್ಲೀಪರ್‌ನ ಮೂಲ ದರ ₹160 ಅಂದುಕೊಳ್ಳಿ. ಶೇ 75 ಕಳೆದರೆ ₹40. ಅದಕ್ಕೆ ರಿಸರ್ವೇಷನ್ ಶುಲ್ಕ ₹20, ಗಾಡಿ ಸೂಪರ್‌ಫಾಸ್ಟ್ ಆದರೆ ಇನ್ನೂ ₹30 ಸೇರುತ್ತದೆ. ಇವೆರಡಕ್ಕೂ ರಿಯಾಯಿತಿ ಇಲ್ಲ. ಒಟ್ಟು ₹90. ₹210 ಆಗಬೇಕಿದ್ದ ಜಾಗದಲ್ಲಿ ₹90 ಕೊಡುತ್ತೀರಿ, ಅದರ ಕಾಲು ಭಾಗವಾದ ₹53 ಅಲ್ಲ. ದೂರ ಕಡಿಮೆ ಇದ್ದಷ್ಟೂ ಈ ಶುಲ್ಕಗಳದೇ ಮೇಲುಗೈ. ಹಾಗಾಗಿ ಹಗಲು ಹೊತ್ತಿನ ಪ್ರಯಾಣಕ್ಕೆ ಸೂಪರ್‌ಫಾಸ್ಟ್ ಅಲ್ಲದ ಗಾಡಿಯಲ್ಲಿ, ರಿಸರ್ವೇಷನ್ ಇಲ್ಲದ ಟಿಕೆಟಿನಲ್ಲಿ, ಅಂಗವಿಕಲರ ಬೋಗಿಯಲ್ಲಿ ಹೋಗುವುದೇ ಎಲ್ಲಕ್ಕಿಂತ ಅಗ್ಗ. ತತ್ಕಾಲ್‌ನಲ್ಲಿ ಯಾವ ರಿಯಾಯಿತಿಯೂ ಇಲ್ಲ.

ಇದಕ್ಕೆ ಬೇಕಾಗಿರುವುದು ರೈಲ್ವೆಯ ದಿವ್ಯಾಂಗಜನ ಕಾರ್ಡ್. ಅರ್ಜಿಗಳು ಎಡವುವುದು ಹೆಚ್ಚಾಗಿ ಇಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ರೈಲ್ವೆಯ ನಮೂನೆಯಲ್ಲೇ ಇರುವ ರಿಯಾಯಿತಿ ಪ್ರಮಾಣಪತ್ರಕ್ಕೆ ಸರ್ಕಾರಿ ಆಸ್ಪತ್ರೆಯ ವೈದ್ಯರಿಂದ ಸಹಿ ಮಾಡಿಸಬೇಕು. ಯುಡಿಐಡಿಯಲ್ಲಿ ಶೇಕಡಾವಾರು ಇರುತ್ತದೆ, ಆದರೆ ರೈಲ್ವೆ ನೋಡುವುದು ಶೇಕಡಾವಾರನ್ನಲ್ಲ. ‘ಜೊತೆಗಾರನ ಸಹಾಯವಿಲ್ಲದೆ ಪ್ರಯಾಣ ಮಾಡಲಾರರು’ ಅನ್ನುವ ಒಂದು ವಾಕ್ಯವನ್ನು ನೋಡುತ್ತದೆ. ನಮೂನೆಯಲ್ಲಿ ಹಲವು ವರ್ಗಗಳು ಅಚ್ಚಾಗಿರುತ್ತವೆ, ಅನ್ವಯಿಸದವನ್ನು ವೈದ್ಯರು ಹೊಡೆದುಹಾಕಬೇಕು. ಓಪಿಡಿಯ ಗಡಿಬಿಡಿಯಲ್ಲಿ ಏನನ್ನೂ ಹೊಡೆಯದೆ ಸಹಿ ಮಾಡುವುದು, ಇಲ್ಲವೇ ಬೇಕಾದ ಸಾಲನ್ನೇ ಹೊಡೆಯುವುದು ನಡೆಯುತ್ತಲೇ ಇರುತ್ತದೆ. ಅಲ್ಲೇ ನಿಂತು ಓದಿ ನೋಡಿಕೊಳ್ಳಿ. ನಿಮ್ಮ ಮಗನ ವಿಷಯದಲ್ಲಿ ಉಳಿಯಬೇಕಾದದ್ದು ಚಲನೆಯ ಅಂಗವೈಕಲ್ಯದ ಸಾಲು. ಇನ್ನೊಂದು ಮಾತು: ಸಹಿ ಮತ್ತು ಸೀಲು ಅರ್ಧ ಫೋಟೊದ ಮೇಲೆ, ಅರ್ಧ ಕಾಗದದ ಮೇಲೆ ಬೀಳಬೇಕು. ವೈದ್ಯರ ಹೆಸರು, ನೋಂದಣಿ ಸಂಖ್ಯೆ, ಆಸ್ಪತ್ರೆಯ ಸೀಲು ಮಸುಕಾಗಿದ್ದರೆ ಅರ್ಜಿ ವಾಪಸ್ ಬರುತ್ತದೆ. ಸ್ಟಾಂಪ್ ಪ್ಯಾಡ್ ಒಣಗಿದೆ ಅನ್ನಿಸಿದರೆ ಸಂಕೋಚ ಬಿಟ್ಟು ಇನ್ನೊಮ್ಮೆ ಒತ್ತಿಸಿ.

ಆಮೇಲೆ ರೈಲ್ವೆಯ ದಿವ್ಯಾಂಗಜನ ಗುರುತಿನ ಚೀಟಿಯ ಜಾಲತಾಣದಲ್ಲಿ ಅರ್ಜಿ. ಮಗನ ಫೋಟೊ, ಜನನ ಪ್ರಮಾಣಪತ್ರ, ಆಧಾರ್, ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಈ ರಿಯಾಯಿತಿ ಪತ್ರವನ್ನು ಸ್ಕ್ಯಾನ್ ಮಾಡಿ ಹಾಕಬೇಕು. ಮೊಬೈಲಿನಲ್ಲಿ ಓರೆಯಾಗಿ ತೆಗೆದ ಚಿತ್ರ ಬೇಡ, ಗ್ರಾಮ ಒನ್ ಅಥವಾ ಸೈಬರ್ ಅಂಗಡಿಯಲ್ಲಿ ಸರಿಯಾಗಿ ಸ್ಕ್ಯಾನ್ ಮಾಡಿಸಿ. ಹತ್ತಿರದ ನಿಲ್ದಾಣ ಅಂತ ಕೇಳುವಲ್ಲಿ ಕಡೂರನ್ನೇ ಕೊಡಿ. ಕಡೂರು ನೈರುತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿದ್ದು. ಆಸ್ಪತ್ರೆ ಬೆಂಗಳೂರಲ್ಲಿದೆ ಅಂತ ಬೆಂಗಳೂರು ವಿಭಾಗಕ್ಕೆ ಹಾಕಿದರೆ ಕಾಗದ ಸುಮ್ಮನೆ ತಿರುಗುತ್ತದೆ. ಪರಿಶೀಲನೆ ವಿಭಾಗೀಯ ಕಚೇರಿಯ ವಾಣಿಜ್ಯ ಶಾಖೆಯಲ್ಲಿ ಆಗುತ್ತದೆ. ಎಲ್ಲ ಕಾಗದದಲ್ಲೂ ಮಗನ ಹೆಸರು ಒಂದೇ ಥರ ಇರಲಿ. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಯುಡಿಐಡಿಯಲ್ಲಿ ಮುಂದೆ ಇದ್ದರೂ ಪ್ರಶ್ನೆ ಬರಬಹುದು. ತಿದ್ದಿಸುವುದಾದರೆ ಅರ್ಜಿಗೆ ಮೊದಲೇ ತಿದ್ದಿಸಿ.

ಶಾಶ್ವತ ಅಂಗವೈಕಲ್ಯವಾದರೂ 25 ವರ್ಷದೊಳಗಿನವರಿಗೆ ರೈಲ್ವೆಯ ಪ್ರಮಾಣಪತ್ರಕ್ಕೆ 5 ವರ್ಷದ ಆಯುಸ್ಸು. ನಿಮ್ಮ ಮಗನಿಗೆ 13 ತುಂಬುವ ಹೊತ್ತಿಗೆ ಮತ್ತೆ ಮಾಡಿಸಬೇಕು. ಯುಡಿಐಡಿಯಲ್ಲೂ ಮಕ್ಕಳಿಗೆ ಅವಧಿ ಹಾಕಿರುವುದುಂಟು, ನಿಮ್ಮದನ್ನು ಈಗಲೇ ತೆಗೆದು ನೋಡಿ.

ಕಾರ್ಡ್ ಬಂದ ಮೇಲೆ ಕೌಂಟರಿನಲ್ಲೂ ಆನ್‌ಲೈನಿನಲ್ಲೂ ಟಿಕೆಟ್ ಸಿಗುತ್ತದೆ. ಈಗ 60 ದಿನ ಮೊದಲು ಬುಕ್ ಮಾಡಬಹುದು. ಆಸ್ಪತ್ರೆಯವರು ಮುಂದಿನ ತಾರೀಖು ಬರೆದುಕೊಟ್ಟ ದಿನವೇ ಮಾಡಿಬಿಡಿ. ಸ್ಲೀಪರ್‌ನಲ್ಲಿ ಅಂಗವಿಕಲರ ಕೋಟಾ ಅಂತ ನಾಲ್ಕು ಬರ್ತ್ ಇರುತ್ತವೆ, ಎರಡು ಕೆಳಗಿನವು, ಎರಡು ನಡುವಿನವು. ಮಗನಿಗೆ ಕೆಳಗಿನದು, ನಿಮಗೆ ನಡುವಿನದು ಅನ್ನುವ ಲೆಕ್ಕ. ಸಾಮಾನ್ಯ ಕೋಟಾದಲ್ಲಿ ಬುಕ್ ಮಾಡಿ ಆಮೇಲೆ ಟಿಟಿಇ ಹತ್ತಿರ ಕೆಳಗಿನ ಬರ್ತ್ ಕೇಳುವ ಪಾಡು ಬೇಡ. ಕಾರ್ಡಿನ ಅಸಲು ಪ್ರತಿ ಪ್ರಯಾಣದಲ್ಲಿ ಕೈಯಲ್ಲಿರಲೇಬೇಕು, ಜೆರಾಕ್ಸ್ ನಡೆಯುವುದಿಲ್ಲ.

ಜೊತೆಗಾರ ನೀವೇ ಆಗಬೇಕೆಂದಿಲ್ಲ. ಒಂದು ಸಲ ನೀವು, ಇನ್ನೊಂದು ಸಲ ಅವನ ಸೋದರಮಾವ ಹೋಗಬಹುದು, ಯಾರಾದರೂ ಒಬ್ಬರು. ಆದರೆ ಮಗ ಗಾಡಿಯಲ್ಲಿ ಇರಲೇಬೇಕು. ಅವನನ್ನು ಅಡ್ಮಿಟ್ ಮಾಡಿ ನೀವೊಬ್ಬರೇ ಊರಿಗೆ ಬಂದರೆ ಆ ಟಿಕೆಟಿಗೆ ಪೂರ್ತಿ ದರ. ಗೊತ್ತಿಲ್ಲದೆ ರಿಯಾಯಿತಿ ಟಿಕೆಟಿನಲ್ಲಿ ಒಬ್ಬರೇ ಬಂದು ದಂಡ ಕಟ್ಟಿಸಿಕೊಳ್ಳುವುದು ಹೆಚ್ಚಾಗಿ ಅಪ್ಪಂದಿರೇ, ಯಾಕೆಂದರೆ ತಾಯಿ ಆಸ್ಪತ್ರೆಯಲ್ಲಿ ಉಳಿದಿರುತ್ತಾಳೆ.

ರೈಲಿನ ಕಷ್ಟವನ್ನೂ ಹೇಳಬೇಕು. ಕಡೂರಿನಂಥ ನಿಲ್ದಾಣದಲ್ಲಿ ಗಾಡಿ ನಿಲ್ಲುವುದು ಬಹಳ ಕಡಿಮೆ ಹೊತ್ತು. ಅಂಗವಿಕಲರ ಬೋಗಿ ಸಾಮಾನ್ಯವಾಗಿ ಗಾಡಿಯ ತುದಿಯಲ್ಲಿರುತ್ತದೆ. 21 ಕೆ.ಜಿ. ಮಗು, ಚೀಲ ಎರಡನ್ನೂ ಹಿಡಿದು ಪ್ಲಾಟ್‌ಫಾರ್ಮ್ ಉದ್ದಕ್ಕೂ ಓಡಲಾಗದು. ಅರ್ಧ ಗಂಟೆ ಮೊದಲೇ ಹೋಗಿ ಬೋಗಿ ಎಲ್ಲಿ ನಿಲ್ಲುತ್ತದೆ ಅಂತ ಸ್ಟೇಷನ್ ಮಾಸ್ಟರ್ ಕಚೇರಿಯಲ್ಲಿ ಕೇಳಿಕೊಂಡು ಅಲ್ಲೇ ಕೂತಿರಿ. ಗಾಲಿಕುರ್ಚಿಯನ್ನೂ ಅಲ್ಲೇ ಕೇಳಬೇಕು. ಚೀಲ ಬೆನ್ನಿಗೆ ಹಾಕುವಂಥದ್ದಿರಲಿ. ಆ ಬೋಗಿಯಲ್ಲಿ ಟಿಕೆಟಿಲ್ಲದವರು, ಬೇರೆ ಟಿಕೆಟಿನವರು ತುಂಬಿರುವುದು ಅಪರೂಪವಲ್ಲ. ಅವರ ಜೊತೆ ಜಗಳಕ್ಕೆ ಇಳಿಯುವ ಬದಲು ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ ಗಾಡಿ ಸಂಖ್ಯೆ, ಮುಂದಿನ ನಿಲ್ದಾಣ ಹೇಳಿ.

ಬೆಂಗಳೂರಲ್ಲಿ ಯಶವಂತಪುರದಲ್ಲೇ ಇಳಿದರೆ ಪಕ್ಕದಲ್ಲೇ ಹಸಿರು ಮಾರ್ಗದ ಮೆಟ್ರೊ ನಿಲ್ದಾಣ ಇದೆ, ಲಿಫ್ಟ್ ಇದೆ. ಆಸ್ಪತ್ರೆ ಹೊಸೂರು ರಸ್ತೆಯ ಕಡೆಯಾದರೆ ಲಾಲ್‌ಬಾಗ್ ಅಥವಾ ಜಯನಗರದಲ್ಲಿ ಇಳಿದು ಆಟೊ ಹಿಡಿಯಬೇಕು. ಮೆಟ್ರೊದಲ್ಲಿ ಮೂರು ಅಡಿಗಿಂತ ಎತ್ತರದ ಮಗುವಿಗೆ ಟಿಕೆಟ್ ಬೇಕು. ಸಿಟಿ ಬಸ್ಸಿನಲ್ಲೇ ಓಡಾಡುವುದಾದರೆ ಬಿಎಂಟಿಸಿಯ ಸಾಮಾನ್ಯ ದಿನದ ಪಾಸು ₹80 (2025ರ ಜನವರಿಯ ಪರಿಷ್ಕರಣೆಯಂತೆ). ಒಂದು ಹೋಗು, ಒಂದು ಬಾ ಇದ್ದರೆ ಅದು ಗಿಟ್ಟುವುದಿಲ್ಲ, ನಾಲ್ಕೈದು ಬಸ್ ಬದಲಿಸುವ ದಿನ ಮಾತ್ರ ತೆಗೆದುಕೊಳ್ಳಿ.

ಈಗ ಬಸ್ಸು. ಕೆಎಸ್‌ಆರ್‌ಟಿಸಿಯ ಅಂಗವಿಕಲರ ರಿಯಾಯಿತಿ ಪಾಸಿಗೆ ವರ್ಷಕ್ಕೆ ₹660. ವಾಸಸ್ಥಳದಿಂದ 100 ಕಿ.ಮೀ. ಒಳಗೆ, ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ನಡೆಯುತ್ತದೆ, ರಾಜಹಂಸ, ಐರಾವತಗಳಲ್ಲಿ ಇಲ್ಲ. ಬೆಂಗಳೂರು ನಿಮಗೆ 200 ಕಿ.ಮೀ.ಗೂ ಹೆಚ್ಚು, ಆ ದಾರಿಗೆ ಈ ಪಾಸು ಪೂರ್ತಿ ಆಗುವುದಿಲ್ಲ. ಚಿಕ್ಕಮಗಳೂರು 40 ಕಿ.ಮೀ., ಅಲ್ಲಿಗೆ ಹೇಳಿ ಮಾಡಿಸಿದ್ದು. ಅರ್ಜಿ ಸೇವಾಸಿಂಧು ಮೂಲಕ, ಯುಡಿಐಡಿ, ಆಧಾರ್, ವಿಳಾಸದ ದಾಖಲೆ, ಫೋಟೊ ಸಾಕು. ವರ್ಷದ ಮೊದಲ ಎರಡು ತಿಂಗಳು ನವೀಕರಣದ ನೂಕುನುಗ್ಗಲು ಇರುತ್ತದೆ, ಡಿಸೆಂಬರ್‌ನಲ್ಲೇ ಕಾಗದ ಜೋಡಿಸಿಟ್ಟುಕೊಳ್ಳಿ.

ಪಾಸು ಗಿಟ್ಟುತ್ತದೋ ಇಲ್ಲವೋ ಅಂತ ನೀವೇ ಲೆಕ್ಕ ಹಾಕಬಹುದು. 6ರಿಂದ 12 ವರ್ಷದ ಹುಡುಗನಿಗೆ ಹೇಗೂ ಅರ್ಧ ಟಿಕೆಟ್. ಒಂದು ಕಡೆಯ ಅರ್ಧ ಟಿಕೆಟ್ ₹25 ಅಂದರೆ ಹೋಗಿ ಬರಲು ₹50, 14ನೇ ಪ್ರಯಾಣದ ಹೊತ್ತಿಗೆ ₹660 ದಾಟುತ್ತದೆ. ವಾರಕ್ಕೊಮ್ಮೆ ಹೋಗುವವರಿಗೆ ಮೂರೂವರೆ ತಿಂಗಳಲ್ಲಿ ಪಾಸಿನ ದುಡ್ಡು ಹುಟ್ಟುತ್ತದೆ. ಮಗನಿಗೆ 12 ದಾಟಿ ಪೂರ್ತಿ ಟಿಕೆಟ್ ಆದ ಮೇಲೆ ಲಾಭ ಇನ್ನೂ ಹೆಚ್ಚು. ಆದರೆ ನಿಮ್ಮ ಟಿಕೆಟ್ ನೀವು ತೆಗೆದುಕೊಳ್ಳಬೇಕು, ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ. ಅವನ ತಾತ ಜೊತೆ ಹೋಗುವ ದಿನ, ಅವರಿಗೆ 60 ದಾಟಿದ್ದರೆ, ಶೇ 25 ಹಿರಿಯ ನಾಗರಿಕರ ರಿಯಾಯಿತಿ ಕೇಳಿ. ಮಗುವಿನ ತಾಯಿ ಬಂದರೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್.

ಹಾಗಾದರೆ ಇಬ್ಬರೂ ಹೋಗಬೇಕೇ? ಟಿಕೆಟಿನ ದೃಷ್ಟಿಯಿಂದ ತಾಯಿ ಬರುವುದಕ್ಕೆ ಖರ್ಚಿಲ್ಲ, ಆದರೆ ಅವರ ಕೂಲಿಯೂ ಹೋಗುತ್ತದಲ್ಲ. ಚಿಕ್ಕಮಗಳೂರಿಗೆ ಒಬ್ಬರು, ಬೆಂಗಳೂರಿಗೆ ಅಗತ್ಯವಿದ್ದಾಗ ಇಬ್ಬರು ಅನ್ನುವುದು ನನ್ನ ಅಭಿಪ್ರಾಯ. ಬಸ್ಸಿನಲ್ಲಿ ಸೀಟಿನ ವಿಷಯ: ಶಕ್ತಿ ಆದೇಶದಲ್ಲೇ ಕೆಎಸ್‌ಆರ್‌ಟಿಸಿ ಬಸ್ಸುಗಳ ಅರ್ಧದಷ್ಟು ಸೀಟು ಗಂಡಸರಿಗೆ ಅಂತ ಇದೆ. ಕಾಗದದ ಮೇಲಿರುವುದಕ್ಕೂ ರಶ್ಶಿನ ಹೊತ್ತಿಗೂ ಸಂಬಂಧವಿಲ್ಲ ಅನ್ನುವುದು ನಿಮಗೂ ಗೊತ್ತು. ಅದರ ಬದಲು ಅಂಗವಿಕಲರಿಗೆ ಮೀಸಲಾದ ಸೀಟನ್ನು ಕೇಳಿ, ಅದನ್ನು ಕಂಡಕ್ಟರ್ ತೆರವು ಮಾಡಿಸಿಕೊಡಬೇಕು. ಬಸ್ ಹೊರಟ ಮೇಲೆ ಕೇಳಿದರೆ ಕಷ್ಟ, ಹತ್ತುವಾಗಲೇ ಹೇಳಿ.

ಎತ್ತುವ ರೀತಿಯ ಬಗ್ಗೆ ಒಂದು ಮಾತು, ಯಾಕೆಂದರೆ ನಿಮ್ಮದು ಹಮಾಲಿ ಕೆಲಸ, ನಿಮ್ಮ ಸೊಂಟ ಹೋದರೆ ಮನೆ ನಿಲ್ಲುತ್ತದೆ. ಸೆರೆಬ್ರಲ್ ಪಾಲ್ಸಿಯ ಮಗುವನ್ನು ಕಂಕುಳಿಗೆ ಕೈ ಹಾಕಿ ನೇರ ಎತ್ತಿದರೆ ಕಾಲು ಸೆಟೆದು ಕತ್ತರಿಯಾಗುತ್ತದೆ, ಮೈ ಹಿಂದಕ್ಕೆ ಬಿಲ್ಲಾಗುತ್ತದೆ, ಭಾರ ಎರಡರಷ್ಟು ಅನ್ನಿಸುತ್ತದೆ. ಎತ್ತುವ ಮೊದಲು ತೊಡೆ, ಮಂಡಿ ಮಡಿಸಿ, ಕಾಲು ಸ್ವಲ್ಪ ಅಗಲಿಸಿ, ಕೂತ ಭಂಗಿಯಲ್ಲೇ ಎತ್ತಿ ಎದೆಗೆ ಅವಚಿಕೊಳ್ಳಿ. ಬಸ್ಸಿನಲ್ಲಿ ಹಿಂದಿನ ಚಕ್ರದ ಮೇಲಿನ ಸೀಟು ಬೇಡ, ನಡುವಿನದು ಹಿಡಿಯಿರಿ. ಅವನ ಪಾದ ನೇತಾಡದಂತೆ ಕೆಳಗೆ ಚೀಲ ಇಡಿ. ಮಲಗಿಸಿಕೊಂಡು ತಿನ್ನಿಸಬೇಡಿ, ಬಸ್ ಕುಲುಕಿದರೆ ತಿಂದದ್ದು ಶ್ವಾಸಕೋಶಕ್ಕೆ ಹೋಗಬಹುದು. ಫಿಟ್ಸ್ ಮಾತ್ರೆ ಇದ್ದರೆ ಪ್ರಯಾಣದ ದಿನವೂ ಹೊತ್ತು ತಪ್ಪದಿರಲಿ. ಇನ್ನು ಖರ್ಚು ಉಳಿಯುತ್ತದೆ ಅಂತ ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಚಿಕ್ಕಮಗಳೂರಿಗೆ ಹೋಗುವುದು ಖಂಡಿತ ಬೇಡ. ಸೊಂಟ ನಿಲ್ಲದ ಮಗುವಿಗೆ ಒಂದು ಹಂಪ್ ಸಾಕು.

ಕೂಲಿಯ ವಿಷಯಕ್ಕೆ ಬರೋಣ. ತಿಂಗಳಿಗೆರಡು ಸಲ ಬೆಂಗಳೂರಿಗೆ ಯಾಕೆ ಹೋಗುತ್ತಿದ್ದೀರಿ ಅನ್ನುವುದನ್ನು ನೀವು ಬರೆದಿಲ್ಲ. ವೈದ್ಯರನ್ನು ಇದನ್ನೇ ನೇರವಾಗಿ ಕೇಳಿ: ‘ಇದರಲ್ಲಿ ಯಾವುದು ಇಲ್ಲೇ ಆಗಬೇಕು, ಯಾವುದು ಜಿಲ್ಲೆಯಲ್ಲಿ ಆಗಬಹುದು?’ ಬಿಗಿದ ಸ್ನಾಯುವಿಗೆ ಬೊಟಾಕ್ಸ್ ಚುಚ್ಚುಮದ್ದು ಕೊಡುತ್ತಿದ್ದರೆ ಅದರ ಪರಿಣಾಮ ಸುಮಾರು ಮೂರು ತಿಂಗಳು. ಸೊಂಟದ ಕೀಲಿನ ಎಕ್ಸ್‌ರೇ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ. ಕಾಲಿನ ಸ್ಪ್ಲಿಂಟ್ ಮಗು ಬೆಳೆದಂತೆ ಬದಲಿಸಬೇಕು. ಇವಕ್ಕೆ ದೊಡ್ಡ ಆಸ್ಪತ್ರೆ ಬೇಕು, ಆದರೆ 15 ದಿನಕ್ಕೊಮ್ಮೆ ಬೇಕಿಲ್ಲ. ಕೇವಲ ಫಿಸಿಯೊಥೆರಪಿಗೆ ಅಷ್ಟು ದೂರ ಹೋಗುತ್ತಿದ್ದರೆ ಅದು ದುಡ್ಡಿನ ದೃಷ್ಟಿಯಿಂದಲೂ ಮಗುವಿನ ದೃಷ್ಟಿಯಿಂದಲೂ ನಷ್ಟವೇ. 15 ದಿನಕ್ಕೊಮ್ಮೆ ಮುಕ್ಕಾಲು ಗಂಟೆ ಮಾಡುವ ವ್ಯಾಯಾಮಕ್ಕಿಂತ ಮನೆಯಲ್ಲಿ ದಿನಾ ಅರ್ಧ ಗಂಟೆ ಮಾಡುವುದು ಹೆಚ್ಚು ಕೆಲಸ ಮಾಡುತ್ತದೆ. ಥೆರಪಿಸ್ಟ್ ತೋರಿಸುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಲು ಅನುಮತಿ ಕೇಳಿ.

ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳಿಗಾಗಿ ಜಿಲ್ಲಾ ಆಸ್ಪತ್ರೆಯ ಮಟ್ಟದಲ್ಲಿ ಡಿಇಐಸಿ ಅನ್ನುವ ಚಿಕಿತ್ಸಾ ಕೇಂದ್ರಗಳಿವೆ. ಬೆಂಗಳೂರಿನ ವೈದ್ಯರಿಂದ ಅಲ್ಲಿಗೆ ಒಂದು ಪತ್ರ ಬರೆಸಿಕೊಳ್ಳಿ. ಕಡೂರಿನ ಬಿಆರ್‌ಸಿ (ಶಿಕ್ಷಣ ಇಲಾಖೆಯ ಬ್ಲಾಕ್ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ ಅಂಗವಿಕಲ ಮಕ್ಕಳಿಗಾಗಿ ಇರುವ ಬಿಐಇಆರ್‌ಟಿ ಶಿಕ್ಷಕರನ್ನು ಭೇಟಿ ಮಾಡಿ, ಮಗ ಶಾಲೆಯ ದಾಖಲಾತಿಯಲ್ಲಿ ಇದ್ದಾನೆಯೇ ಅಂತ ಖಚಿತ ಮಾಡಿಕೊಳ್ಳಿ. ದಾಖಲಾಗಿದ್ದರೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆ ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆ ಅನ್ನುವ ಎರಡು ಬಾಬ್ತು ಇವೆ. ಇದು ಶಾಲೆಯ ಓಡಾಟಕ್ಕೆ, ಆಸ್ಪತ್ರೆಗಲ್ಲ. ಶಾಲೆಗೆ ಹೋಗಲಾಗದ ಮಕ್ಕಳಿಗೆ ಮನೆಗೇ ಬಂದು ಕಲಿಸುವ ಗೃಹಾಧಾರಿತ ಶಿಕ್ಷಣವೂ ಇದೆ. ಬಿಆರ್‌ಸಿಯವರು ನಡೆಸುವ ತಪಾಸಣಾ ಶಿಬಿರದಲ್ಲಿ ಸೆರೆಬ್ರಲ್ ಪಾಲ್ಸಿ ಮಕ್ಕಳ ಸಿಪಿ ಕುರ್ಚಿಗೂ ಹೆಸರು ಬರೆಸಿ. ಮಡಚುವ ಗಾಲಿಕುರ್ಚಿ ಒಂದಿದ್ದರೆ ಬಸ್ ಸ್ಟ್ಯಾಂಡಿನಿಂದ ಆಸ್ಪತ್ರೆಯವರೆಗಿನ ಆಟೊ ಖರ್ಚು ಎಷ್ಟೋ ದಿನ ಉಳಿಯುತ್ತದೆ.

ರಾಷ್ಟ್ರೀಯ ನ್ಯಾಸದ (ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆಯನ್ನೂ ಮಾಡಿಸಿ. ಸೆರೆಬ್ರಲ್ ಪಾಲ್ಸಿ ಅದರ ವ್ಯಾಪ್ತಿಯಲ್ಲಿದೆ. ವರ್ಷಕ್ಕೆ ₹1 ಲಕ್ಷದವರೆಗೆ ರಕ್ಷಣೆ, ಥೆರಪಿಯ ಖರ್ಚೂ ಸೇರಿದೆ, ಪ್ರಯಾಣಕ್ಕೆ ₹1,000ದವರೆಗೆ ಸಿಗುತ್ತದೆ. ಬಿಪಿಎಲ್ ಕುಟುಂಬಕ್ಕೆ ಸೇರ್ಪಡೆ ಶುಲ್ಕ ₹250, ನವೀಕರಣ ₹50. ನ್ಯಾಸದಲ್ಲಿ ನೋಂದಾಯಿತ ಸಂಸ್ಥೆಯ ಮೂಲಕ ಅರ್ಜಿ ಹೋಗುತ್ತದೆ. ಸಾವಿರ ರೂಪಾಯಿ ದೊಡ್ಡ ಮೊತ್ತವಲ್ಲ, ಆದರೆ ಅದಕ್ಕೂ ಬಿಲ್ಲು ಬೇಕು. ಈಗಿನಿಂದಲೇ ಬಸ್ ಟಿಕೆಟ್, ಓಪಿಡಿ ಚೀಟಿ, ಥೆರಪಿ ರಸೀದಿಯನ್ನು ತಾರೀಖಿನ ಪ್ರಕಾರ ಒಂದು ನೋಟ್‌ಬುಕ್ಕಿಗೆ ಅಂಟಿಸಿ. ಬಸ್ ಟಿಕೆಟಿನ ಅಕ್ಷರ ತಿಂಗಳೊಳಗೆ ಮಾಸುತ್ತದೆ, ಅದಕ್ಕೆ ಮುಂಚೆ ಜೆರಾಕ್ಸ್ ತೆಗೆಯಿರಿ.

ಇಷ್ಟೆಲ್ಲ ಅರ್ಜಿಯನ್ನು ಒಬ್ಬರೇ ಹೊತ್ತು ತಿರುಗಬೇಕಿಲ್ಲ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು, ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯು ಅಂತ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಇದು ಅವರ ಕೆಲಸವೇ. ಪಂಚಾಯಿತಿ ತನ್ನ ನಿಧಿಯಲ್ಲಿ ಅಂಗವಿಕಲರಿಗೆ ಮೀಸಲಿಡಬೇಕಾದ ಶೇ 5ರ ಹಣದ ಬಗ್ಗೆಯೂ ಅವರ ಬಳಿ ಕೇಳಿ, ಚಿಕಿತ್ಸೆಯ ನೆರವಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮೊದಲು ಆಗಬೇಕಾದದ್ದು ರೈಲ್ವೆಯ ಪ್ರಮಾಣಪತ್ರ. ಮುಂದಿನ ವಾರ ಚಿಕ್ಕಮಗಳೂರಿಗೆ ಹೋದಾಗ ಜಿಲ್ಲಾ ಆಸ್ಪತ್ರೆಯಲ್ಲೇ ಅದನ್ನು ಮಾಡಿಸಿಕೊಂಡು ಬನ್ನಿ. ನಮೂನೆಯ ಎರಡು ಪ್ರತಿ, ಮಗನ ನಾಲ್ಕು ಫೋಟೊ ಚೀಲದಲ್ಲಿರಲಿ.